ಬಿಳಿಯ ಚೆಂಡಿನ ಸಾಕ್ಷ್ಯ

ಮಹದೇವಪುರಕ್ಕೆ ಪ್ರವಾಸ ಹೋಗಿದ್ದೆನೆಂದರೆ ಕೇಳಿದವರು ನಕ್ಕಾರು. ನೋಡಲೇಬೇಕಾದ ಗೋಪುರವಾಗಲಿ ಜಲಪಾತವಾಗಲಿ ಅಲ್ಲಿಲ್ಲ. ಒಂದು ಕೆರೆಯಿದೆ, ಗಾಜಿನ ಗೋಡೆಗಳ ಎತ್ತರದ ಕಚೇರಿಗಳಿವೆ, ಹಗಲಿರುಳೆನ್ನದೆ ಸಾಗುವ ವಾಹನಗಳ ಸಾಲಿದೆ. ಆದರೂ ಒಂದು ಶನಿವಾರ ಸಂಜೆ ಅಲ್ಲಿ ನಾನು ಕಂಡ ಸಣ್ಣದೊಂದು ಪ್ರಸಂಗ ಇಂದಿಗೂ ಮನಸ್ಸಿನಿಂದ ಮರೆಯಾಗಿಲ್ಲ.

ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪೂರ್ವಕ್ಕೆ ಹೊರಟರೆ ಎರಡು ಶತಮಾನಗಳ ಚರಿತ್ರೆಯನ್ನು ಅರ್ಧ ಗಂಟೆಯಲ್ಲಿ ಹಾದುಹೋದಂತಾಗುತ್ತದೆ. ರೈಲು ನೆಲದಡಿಯಿಂದ ಮೇಲೆದ್ದು ಮಹಾತ್ಮಾ ಗಾಂಧಿ ರಸ್ತೆಗೆ ಬರುವ ಹೊತ್ತಿಗೆ ನಾವು ದಂಡಿನ ಪ್ರದೇಶದಲ್ಲಿರುತ್ತೇವೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದ ಇಂಗ್ಲಿಷರ ಸೈನ್ಯ ಬೀಡುಬಿಟ್ಟ ನೆಲವಿದು. ದಂಡಿನ ಬೆನ್ನಿಗೇ ಕ್ಲಬ್ಬುಗಳು ಬಂದವು, ಕ್ಲಬ್ಬುಗಳೊಡನೆ ಬಿಲಿಯರ್ಡ್ಸ್ ಮೇಜು ಬಂದಿತು. 1868ರಲ್ಲಿ ಸ್ಥಾಪಿತವಾದ ಯುನೈಟೆಡ್ ಸರ್ವಿಸಸ್ ಕ್ಲಬ್ಬು ಇಂದಿನ ಬೆಂಗಳೂರು ಕ್ಲಬ್ಬು. ವಿನ್ಸ್ಟನ್ ಚರ್ಚಿಲ್ ತೀರಿಸದೆ ಹೋದ 13 ರೂಪಾಯಿ ಬಾಕಿ ಅದರ ದಫ್ತರದಲ್ಲಿ ಈಗಲೂ ಇದೆಯಷ್ಟೆ. ಸದಸ್ಯರ ಸಾಲವನ್ನು ದಫ್ತರ ಬರೆದಿಟ್ಟುಕೊಂಡರೆ, ಅವರ ಆಟದ ಯೋಗ್ಯತೆಯನ್ನು ನೆನಪಿನಲ್ಲಿಟ್ಟುಕೊಳ್ಳುವವನು ಇನ್ನೊಬ್ಬನಿದ್ದ. ಅವನೇ ಮಾರ್ಕರ್. ಅಂಕ ಎಣಿಸುವುದು, ಮೇಜಿನ ಹಸಿರು ಬಟ್ಟೆಯನ್ನು ಕುಂಚದಿಂದ ಒರೆಸುವುದು, ಜೊತೆಯಿಲ್ಲದೆ ಬಂದ ಸದಸ್ಯರೊಡನೆ ಆಡುವುದು ಅವನ ಕೆಲಸ. ಯಾರು ಯಾರಿಗೆ ಎಷ್ಟು ಅಂಕಗಳನ್ನು ಮುಂಗಡವಾಗಿ ಬಿಟ್ಟುಕೊಟ್ಟರೆ ಆಟ ಸರಿಸಮವಾದೀತು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿಗಳು ಹಿಂದಾದವು. 2023ರಲ್ಲಿ ತೆರೆದ ಹಳಿಯ ಮೇಲೆ ಕೃಷ್ಣರಾಜಪುರವನ್ನು ದಾಟಿ ಸಿಂಗಯ್ಯನಪಾಳ್ಯದಲ್ಲಿ ಇಳಿದೆ. ನನ್ನ ಸೋದರಳಿಯ ಕಾದು ನಿಂತಿದ್ದ. ಅಲ್ಲಿಯ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಅವನಿಗೆ ಕೆಲಸ. ದಾರಿಯುದ್ದಕ್ಕೂ ಅವನದು ಒಂದೇ ದೂರು. ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಐದಕ್ಕೆ ನಾಲ್ಕು ಬರಬೇಕಾಗಿದ್ದ ತನಗೆ ಮೂರನ್ನೇ ಕೊಟ್ಟರಂತೆ. “ನನ್ನ ಕೆಲಸವನ್ನು ಯಾರೂ ಸರಿಯಾಗಿ ನೋಡಲಿಲ್ಲ, ಮಾವ” ಎಂದು ನಿಟ್ಟುಸಿರುಬಿಟ್ಟ.

ಅವನು ನನ್ನನ್ನು ಕರೆದೊಯ್ದದ್ದು ಒಂದು ಬೇಕರಿಯ ಮೇಲಂತಸ್ತಿನ ಪೂಲ್ ಮನೆಗೆ. ಗೃಹಿಣಿಯರಿಗೂ ಮಕ್ಕಳಿಗೂ ಈ ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸ್ನೂಕರಿನ ಮೇಜು 12 ಅಡಿ ಉದ್ದವಾದರೆ ಪೂಲಿನದು ಹೆಚ್ಚೆಂದರೆ 9 ಅಡಿ. ಅದರ ಮೇಲೆ 15 ಬಣ್ಣದ ಚೆಂಡುಗಳು, ಒಂದು ಬಿಳಿಯ ಚೆಂಡು. ಕೋಲಿನಿಂದ ಹೊಡೆಯುವುದು ಬಿಳಿಯದನ್ನು ಮಾತ್ರ. ಅದು ಬಣ್ಣದ ಚೆಂಡನ್ನು ತಾಕಿ ಪಾಕೆಟ್ಟಿಗೆ ಬೀಳಿಸಬೇಕು. ಒಬ್ಬನ ಪಾಲಿಗೆ ಏಳು ತುಂಬುಬಣ್ಣದವು, ಇನ್ನೊಬ್ಬನ ಪಾಲಿಗೆ ಏಳು ಪಟ್ಟೆಯವು. ತನ್ನ ಏಳನ್ನೂ ಬೀಳಿಸಿ ಕೊನೆಗೆ ಎಂಟನೆಯ ಅಂಕೆಯ ಕರಿಯ ಚೆಂಡನ್ನು ಬೀಳಿಸಿದವನು ಗೆದ್ದಂತೆ.

ಗೋಡೆಯ ಮೇಲೆ ಪಂಕಜ್ ಆಡ್ವಾಣಿಯವರ ಚಿತ್ರವಿತ್ತು. ನಮ್ಮ ಬೆಂಗಳೂರಿನಲ್ಲೇ ಅರವಿಂದ ಸವೂರರ ಬಳಿ ಕಲಿತು, 2003ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದವರು. ಅಂಥವರ ಮಟ್ಟವನ್ನು ಜಗತ್ತೇ ಅಳೆದಿದೆ. ಕಷ್ಟವಿರುವುದು ವಾರಕ್ಕೊಮ್ಮೆ ಕೋಲು ಹಿಡಿಯುವ ಹವ್ಯಾಸಿಗಳನ್ನು ಅಳೆಯುವುದರಲ್ಲಿ. ಇಂದು ಹುಲಿ, ನಾಳೆ ಇಲಿ ಎಂಬಂತಿರುತ್ತದೆ ಅವರ ಆಟ.

ಇದಕ್ಕೆ ಅಮೆರಿಕದವರು ಹಲವು ಉಪಾಯಗಳನ್ನು ಹೂಡಿದ್ದಾರೆ. ಅಲ್ಲಿಯ ಹವ್ಯಾಸಿಗಳ ಒಂದು ದೊಡ್ಡ ಸಂಘದಲ್ಲಿ ಈ ಆಟಕ್ಕೆ ಎರಡರಿಂದ ಏಳರವರೆಗೆ ದರ್ಜೆಗಳಿವೆ. ಏಳನೆಯ ದರ್ಜೆಯವನು ಎರಡನೆಯ ದರ್ಜೆಯವನಿಗೆ ಎದುರಾದರೆ, ಮೊದಲಿನವನು ಏಳು ಆಟ ಗೆಲ್ಲುವುದರೊಳಗೆ ಎರಡನೆಯವನು ಎರಡು ಗೆದ್ದರೆ ಸಾಕು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಆರ್ಪಾದ್ ಎಲೊ ಚದುರಂಗಕ್ಕಾಗಿ ರಚಿಸಿದ ಗಣಿತವನ್ನು ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಅಂಗೀಕರಿಸಿತು. ಅದೇ ಜಾಡಿನಲ್ಲಿ ಪೂಲಿಗೂ ಫಾರ್ಗೊ ಎಂಬ ಅಳತೆ ಬಂದಿದೆ. ಅದರಲ್ಲಿ ಇಬ್ಬರ ನಡುವೆ 100 ಅಂಕಗಳ ಅಂತರವಿದ್ದರೆ, ಮೇಲಿನವನು ಎರಡು ಆಟ ಗೆಲ್ಲುವಷ್ಟರಲ್ಲಿ ಕೆಳಗಿನವನು ಒಂದು ಗೆಲ್ಲುವನೆಂದು ಅರ್ಥ. ಆದರೆ ಈ ಲೆಕ್ಕಗಳೆಲ್ಲಕ್ಕೂ ಒಂದೇ ಶತ್ರು: ಬೇಕೆಂದೇ ಸೋತು ತನ್ನ ದರ್ಜೆಯನ್ನು ಕೆಳಗಿಳಿಸಿಕೊಳ್ಳುವ ಆಟಗಾರ.

ಆ ಸಂಜೆ ಎರಡು ಕಚೇರಿಗಳ ಗೆಳೆಯರ ನಡುವೆ ಪಂದ್ಯವಿತ್ತು. ಪ್ರತಿಯೊಬ್ಬನೂ ಚೀಟಿಯಲ್ಲಿ ತನ್ನ ದರ್ಜೆಯನ್ನು, ಒಂದರಿಂದ ಐದರೊಳಗೆ, ತಾನೇ ಬರೆಯಬೇಕು. ಆಮೇಲೆ ಮಾರ್ಕರ್ ನೋಡಿ ಒಪ್ಪಬೇಕು. ಸೋದರಳಿಯನ ಚೀಟಿಯನ್ನು ಇಣುಕಿ ನೋಡಿದೆ. “ಎರಡು” ಎಂದಿತ್ತು. ನಾನು ಹುಬ್ಬೇರಿಸಿದೆ. “ತಂಡದವರ ಒತ್ತಾಯ, ಮಾವ. ಕಡಿಮೆ ಬರೆದರೆ ಕಡಿಮೆ ಆಟ ಗೆದ್ದರಾಯಿತು” ಎಂದು ಮೆಲ್ಲಗೆ ಹೇಳಿದ. ಕಚೇರಿಯಲ್ಲಿ ಒಂದಂಕ ಕಡಿಮೆಯಾಯಿತೆಂದು ಕೊರಗುತ್ತಿದ್ದವನು ಇಲ್ಲಿ ಎರಡಂಕ ಕಡಿಮೆ ಬೇಡುತ್ತಿದ್ದ!

ಅಲ್ಲಿಯ ಮಾರ್ಕರ್ ಎಪ್ಪತ್ತು ದಾಟಿದ ಮುದುಕರು. ದಂಡಿನ ಒಂದು ಕ್ಲಬ್ಬಿನಲ್ಲಿ ನಲವತ್ತು ವರ್ಷ ದುಡಿದು, ಸುಮ್ಮನೆ ಕೂರಲಾರದೆ ಇಲ್ಲಿಗೆ ಬಂದವರು. ಮಟ್ಟವನ್ನು ಹೇಗೆ ಅಳೆಯುವಿರೆಂದು ಕೇಳಿದೆ.

“ಬಣ್ಣದ ಚೆಂಡು ಬಿತ್ತೇ ಎಂದು ಎಲ್ಲರೂ ನೋಡುತ್ತಾರೆ ಸ್ವಾಮಿ. ನಾನು ನೋಡುವುದು ಬಿಳಿಯ ಚೆಂಡು ಎಲ್ಲಿ ನಿಂತಿತು ಎಂದು” ಎಂದರು. ಹೊಸಬನಿಗೆ ಚೆಂಡು ಬಿದ್ದರೆ ಸಾಕು. ಮಧ್ಯಮನು ಮುಂದಿನ ಹೊಡೆತಕ್ಕೆ ಅನುಕೂಲವಾಗುವಂತೆ ಬಿಳಿಯ ಚೆಂಡನ್ನು ನಿಲ್ಲಿಸಿಕೊಳ್ಳುತ್ತಾನೆ. ಪಳಗಿದವನ ಕಣ್ಣು ಮೂರು ಹೊಡೆತಗಳಾಚೆ ಇರುತ್ತದೆ. ಹೊಡೆಯಲು ಚೆಂಡೇ ಇಲ್ಲದಾಗ ಏನು ಮಾಡುವನೆಂಬುದು ಎರಡನೆಯ ಪರೀಕ್ಷೆ. ಕೀಳುದರ್ಜೆಯವನು ಬೀಸಿ ಹೊಡೆದು ದೇವರನ್ನು ನೆನೆಯುತ್ತಾನೆ; ಬಲ್ಲವನು ಎದುರಾಳಿಗೂ ಏನೂ ಸಿಗದಂತೆ ಬಿಳಿಯ ಚೆಂಡನ್ನು ಮರೆಯಲ್ಲಿ ಅಡಗಿಸುತ್ತಾನೆ. ಮೂರನೆಯದು ಭೂತದೊಡನೆ ಆಟ. ಚೆಂಡುಗಳನ್ನು ಚದುರಿಸಿ, ಬಿಳಿಯದನ್ನು ಬೇಕಾದಲ್ಲಿ ಇಟ್ಟುಕೊಂಡು, ಒಬ್ಬನೇ ಎಲ್ಲವನ್ನೂ ಬೀಳಿಸಬೇಕು. ಒಮ್ಮೆ ತಪ್ಪಿದರೂ ಆಟ ಭೂತದ ಪಾಲು. ಭೂತಕ್ಕೆ ದಾಕ್ಷಿಣ್ಯವೂ ಇಲ್ಲ, ಅದೃಷ್ಟವೂ ಇಲ್ಲ.

ಸೋದರಳಿಯನನ್ನು ಭೂತದೊಡನೆ ಆಡಲು ಬಿಟ್ಟು ಅವರು ಮೂಲೆಯಲ್ಲಿ ಕುಳಿತರು. ಚೆಂಡುಗಳು ಪಾಕೆಟ್ಟಿನ ಅಂಚಿನವರೆಗೆ ಹೋಗಿ ಹೋಗಿ ನಿಂತವು. ಅರ್ಧ ಗಂಟೆಯಾದ ಮೇಲೆ ಅವರು ಎದ್ದು ಬಂದು, ಉಳಿದವರಿಗೆ ಕೇಳಿಸದಂತೆ ಹೇಳಿದರು:

“ತಮ್ಮಾ, ಐದು ಸಲ ತಪ್ಪಿದೆ. ಐದು ಸಲವೂ ಬಿಳಿಯ ಚೆಂಡು ಹೋಗಬೇಕಾದ ಜಾಗಕ್ಕೇ ಹೋಗಿ ನಿಂತಿತು. ನಿಜವಾಗಿ ತಪ್ಪುವವನ ಬಿಳಿಯ ಚೆಂಡು ಹಾಗೆ ನಿಲ್ಲುವುದಿಲ್ಲ.”

ಹುಡುಗನ ಕಿವಿಗಳು ಕೆಂಪಾದವು. ಮುದುಕರು ಗದರಲಿಲ್ಲ. ಎದುರು ತಂಡದ ಒಬ್ಬ ತರುಣಿಯ ಕಡೆ ನೋಡಿ, “ಆ ಮಗು ಆಟ ಕಲಿತು ಆರು ತಿಂಗಳಾಯಿತು. ತನ್ನದು ಎರಡೆಂದು ಬರೆದಿದೆ, ಅದು ನಿಜವಾದ ಎರಡು. ನೀನೂ ಎರಡೆಂದರೆ ಅವಳು ಇಂದು ಸೋಲುತ್ತಾಳೆ, ಸೋತದ್ದು ತನ್ನ ತಪ್ಪಿನಿಂದ ಎಂದುಕೊಂಡು ಮನೆಗೆ ಹೋಗುತ್ತಾಳೆ” ಎಂದರು. ಚೀಟಿಯನ್ನು ಅವನ ಕೈಯಲ್ಲಿಯೇ ಬಿಟ್ಟು ಸೀಮೆಸುಣ್ಣ ತರಲು ಹೋದರು.

ಅವನು ಬಹಳ ಹೊತ್ತು ನಿಂತಿದ್ದ. ಆಮೇಲೆ ಎರಡನ್ನು ಹೊಡೆದುಹಾಕಿ ನಾಲ್ಕೆಂದು ಬರೆದ.

ಅಂದಿನ ಕರಾರಿನ ಪ್ರಕಾರ ಅವನು ನಾಲ್ಕು ಆಟ ಗೆಲ್ಲಬೇಕು, ಅವಳು ಎರಡು. ಮೂರನ್ನು ಅವನು ಗೆದ್ದ, ಒಂದನ್ನು ಅವಳು. ಕೊನೆಯ ಆಟದಲ್ಲಿ ಇಬ್ಬರ ಮುಂದೆಯೂ ಕರಿಯ ಚೆಂಡೊಂದೇ ಉಳಿಯಿತು. ಅವನು ಹೊಡೆದದ್ದು ಕೂದಲೆಳೆಯಷ್ಟರಲ್ಲಿ ತಪ್ಪಿತು. ಈ ಸಲ ಬಿಳಿಯ ಚೆಂಡು ಎಲ್ಲಿಗೋ ಉರುಳಿ ಹೋಯಿತು. ತರುಣಿ ಉಸಿರು ಬಿಗಿಹಿಡಿದು ಹೊಡೆದಳು. ಕರಿಯ ಚೆಂಡು ಬಿತ್ತು. ಅವಳ ಗೆಳೆಯರ ಕೇಕೆಗೆ ಕೆಳಗಿನ ಬೇಕರಿಯವನು ಮೆಟ್ಟಿಲು ಹತ್ತಿ ಬಂದ. ತಂಡದವರು ಮುಖ ಊದಿಸಿಕೊಂಡರೂ ಸೋದರಳಿಯ ಅವಳ ಕೈ ಕುಲುಕಿದ. ಮಾರ್ಕರ್ ಏನೂ ಹೇಳದೆ ಮೇಜಿನ ಬಟ್ಟೆ ಒರೆಸತೊಡಗಿದರು.

ಮನುಷ್ಯರನ್ನು ಅಂಕೆಗಳಿಂದ ಅಳೆಯುವುದು ಕ್ರೂರವೆಂದು ನಾನು ನಂಬಿದ್ದೆ. ಅಸಮಾನರಾದ ಇಬ್ಬರು ಒಂದೇ ಮೇಜಿನ ಬಳಿ ಸಮಾನರಾಗಿ ನಿಲ್ಲಲು ಅದೇ ಅಂಕೆ ದಾರಿಮಾಡಿಕೊಟ್ಟೀತೆಂದು ಅಂದು ತಿಳಿಯಿತು. ಬರೆಯುವ ಕೈ ಸುಳ್ಳಾಡಬಾರದು, ಅಷ್ಟೆ.

ನಿಲ್ದಾಣದವರೆಗೆ ಸೋದರಳಿಯ ಮಾತಾಡಲಿಲ್ಲ. ರೈಲು ಬರುವಾಗ ಥಟ್ಟನೆ ಕೇಳಿದ: “ಕಚೇರಿಯಲ್ಲಿ ನನ್ನ ಬಿಳಿಯ ಚೆಂಡನ್ನು ನೋಡುವವರು ಯಾರು, ಮಾವ?”

ನನಗೆ ಉತ್ತರ ಹೊಳೆಯಲಿಲ್ಲ. ಬಾಗಿಲು ಮುಚ್ಚಿತು. ರೈಲು ದಂಡಿನ ಕಡೆಗೆ ಹೊರಟಿತು.