ಅಂಗಳಕ್ಕೆ ಇಳಿದ ಅಪ್ಪ

ದೇವರ ಪ್ರೀತಿ ಎಷ್ಟು ದೊಡ್ಡದು ಎಂದು ಹೇಳಬೇಕಾದಾಗ ಪ್ರವಚನ ಮಾಡುವವರು ಸಮುದ್ರ ತೋರಿಸುತ್ತಾರೆ, ಆಕಾಶ ತೋರಿಸುತ್ತಾರೆ. ಕರಾವಳಿಯವರಿಗೆ ಸಮುದ್ರ ದಿನಾ ಕಾಣುವಂಥದ್ದು. ಆ ಹೋಲಿಕೆ ನನ್ನನ್ನು ಅಷ್ಟಾಗಿ ತಟ್ಟಿಲ್ಲ. ತಟ್ಟಿದ್ದು ಲೂಕನ ಶುಭಸಂದೇಶದ 15ನೇ ಅಧ್ಯಾಯ.

ಸುಂಕದವರ ಜೊತೆ, ಪಾಪಿಗಳ ಜೊತೆ ಯೇಸು ಊಟಕ್ಕೆ ಕೂರುತ್ತಾನೆಂದು ಧರ್ಮಪಂಡಿತರು ಗೊಣಗಿದಾಗ ಅವನು ಮೂರು ಕಥೆ ಹೇಳುತ್ತಾನೆ. ನೂರು ಕುರಿಯಲ್ಲಿ ಒಂದು ಕಳೆದದ್ದು, ಹತ್ತು ನಾಣ್ಯದಲ್ಲಿ ಒಂದು ಕಳೆದದ್ದು, ಕೊನೆಗೆ ಇಬ್ಬರು ಮಕ್ಕಳಲ್ಲಿ ಒಬ್ಬ. ಕಿರಿಯ ಮಗ ಅಪ್ಪ ಬದುಕಿರುವಾಗಲೇ ಪಾಲು ಕೇಳಿ, ದೂರದೇಶಕ್ಕೆ ಹೋಗಿ ಕರಗಿಸುತ್ತಾನೆ. ಬರಗಾಲ ಬಂದು ಹಂದಿ ಮೇಯಿಸುವ ಗತಿ. ವಾಪಸು ಬರುವಾಗ ಅಪ್ಪನೇ ಓಡಿಬಂದು ತಬ್ಬಿಕೊಳ್ಳುತ್ತಾನೆ. ಹುಡುಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಪೂರ್ತಿ ಹೇಳುವ ಮೊದಲೇ ನಿಲುವಂಗಿ, ಉಂಗುರ, ಚಪ್ಪಲಿ, ಕೊಬ್ಬಿದ ಕರು!

ನಾವೆಲ್ಲ ಕಣ್ಣೊರೆಸಿಕೊಳ್ಳುವುದು ಇಲ್ಲಿ. ಆದರೆ ಹಿರಿಯವ ಇನ್ನೂ ಹೊಲದಲ್ಲಿದ್ದಾನಲ್ಲ?

ನಮ್ಮ ಮನೆಯಲ್ಲಿ ಆ ಹಿರಿಯವ ನನ್ನ ಅಪ್ಪ. ಚಿಕ್ಕಪ್ಪ ಪಾಲು ಮಾರಿ ಮುಂಬೈಗೆ ಹೋದರು. ಹನ್ನೊಂದು ವರ್ಷದ ಮೇಲೆ ಒಂದು ಚೀಲ ಹಿಡಿದು ಬಂದ ದಿನ ಅಜ್ಜಿ ಕೋಳಿ ಕೊಯ್ಯಿಸಿದರು. ಅಪ್ಪ ಕತ್ತಲಾಗುವವರೆಗೆ ಅಡಿಕೆ ತೋಟದಿಂದ ಬರಲಿಲ್ಲ. ಸಾಲ ತೀರಿಸಿದ್ದು, ಅಜ್ಜಿಯನ್ನು ಆಸ್ಪತ್ರೆಗೆ ಹೊತ್ತು ತಿರುಗಿದ್ದು ಅವರು. ಅವರಿಗೆ ಹೊಟ್ಟೆಕಿಚ್ಚು ಎಂದು ನೆಂಟರು ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ದುಡಿದವನಿಗೆ ಲೆಕ್ಕ ಇರುತ್ತದೆ, ಆ ಲೆಕ್ಕ ಸುಳ್ಳೂ ಅಲ್ಲ.

ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ನಾಲ್ಕನೇ ಭಾನುವಾರ ಈ ಕಥೆ ಓದುತ್ತಾರೆ. ಪ್ರವಚನ ಹೆಚ್ಚಾಗಿ ಕಿರಿಯನ ಪಶ್ಚಾತ್ತಾಪದಲ್ಲೇ ಮುಗಿಯುತ್ತದೆ. ನನಗೋ ಅಪ್ಪನ ಪಕ್ಕ ಕೂತು ಮುಂದಿನದಕ್ಕೆ ಕಾಯುವ ಅಭ್ಯಾಸ. ವಾದ್ಯದ ಸದ್ದು ಕೇಳಿ ಹಿರಿಯವ ಒಳಗೆ ಬರುವುದಿಲ್ಲ ಎನ್ನುತ್ತಾನೆ. ಆಗ ತಂದೆ ಹಬ್ಬ ಬಿಟ್ಟು ಎದ್ದು ಹೊರಗೆ ಬರುತ್ತಾನೆ. ಒಂದೇ ದಿನದಲ್ಲಿ ಎರಡನೇ ಸಲ. ಬೈಯುವುದಿಲ್ಲ, ಬೇಡಿಕೊಳ್ಳುತ್ತಾನೆ. ನನ್ನದೆಲ್ಲ ನಿನ್ನದೇ ಅನ್ನುತ್ತಾನೆ. ಓಡಿಹೋದವನನ್ನು ಕ್ಷಮಿಸುವಷ್ಟು ಪ್ರೀತಿ ಮನುಷ್ಯರಲ್ಲೂ ಇದೆ, ಅಜ್ಜಿಗಿತ್ತು. ಮುನಿಸಿಕೊಂಡ ನೀತಿವಂತನ ಹಿಂದೆಯೂ ಬರುವ ಈ ಪ್ರೀತಿಯ ಅಗಲ ನನ್ನ ಅಂದಾಜಿಗೆ ಸಿಗದು. ಆ ರಾತ್ರಿ ನಮ್ಮ ತೋಟಕ್ಕೆ ಯಾರೂ ಹೋಗಿರಲಿಲ್ಲ.

ಹಿರಿಯವ ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.