ಒಂಟಿ ವಸಾಹತಿನ ಲೆಕ್ಕ

ಮರಾಠಿಯಲ್ಲಿ ‘ವಸಾಹತ್’ ಎಂಬುದು ಸಾಧುವಾದ ಪದ. ಕೋಪರಖೈರಣೆಯಿಂದ ಪೂರ್ವಕ್ಕೆ ಠಾಣೆ–ಬೇಲಾಪುರ ರಸ್ತೆಯನ್ನು ದಾಟಿದರೆ ಕಾರ್ಖಾನೆಗಳ ಸಾಲು ತೊಡಗುತ್ತದೆ. ಅಂತಹ ಪ್ರದೇಶವನ್ನು ಮರಾಠಿಗರು ‘ಔದ್ಯೋಗಿಕ ವಸಾಹತ್’ ಎನ್ನುತ್ತಾರೆ. ಕಾರ್ಮಿಕರ ಮನೆಗಳ ಗುಂಪೂ ವಸಾಹತ್, ಪೊಲೀಸರ ಮನೆಗಳ ಗುಂಪೂ ವಸಾಹತ್. ಜನ ಬಂದು ನೆಲೆಸಿದ ತಾಣ ಎಂಬಷ್ಟೇ ಅದರ ಅರ್ಥ. ಕನ್ನಡಕ್ಕೆ ಬಂದಾಗ ಅದೇ ಪದಕ್ಕೆ ಹಡಗು, ಕೋವಿ, ಕಂದಾಯಗಳ ನೆನಪು ಅಂಟಿಕೊಳ್ಳುತ್ತದೆ. ‘ಶಾಹಿ’ ಎಂಬ ಬಾಲ ತಾನಾಗಿ ಹಿಂದೆ ಬರುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಈ ಎರಡು ಅರ್ಥಗಳೂ ಪರಿಚಿತವೇ. ಆದರೆ ಅವೆರಡನ್ನೂ ಒಟ್ಟಿಗೆ ಯೋಚಿಸುವಂತೆ ಮಾಡಿದ್ದು ಒಂದು ಗಣಕಯಂತ್ರದ ಆಟ.

ಇಲ್ಲಿ ‘ನಾವು’ ಎಂದರೆ ಅಣ್ಣತಮ್ಮಂದಿರಿಬ್ಬರು. ಒಬ್ಬರಿಗೆ ಕಾರ್ಖಾನೆಯ ಪಾಳಿ, ಇನ್ನೊಬ್ಬರಿಗೆ ಸಗಟು ಮಾರುಕಟ್ಟೆಯ ಧಾನ್ಯದಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿರುವುದು ಒಂದೇ ಗಣಕಯಂತ್ರ. ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತು ಅದೇ ಹಡಗನ್ನು ಮುಂದಕ್ಕೆ ನಡೆಸುತ್ತೇವೆ. ಆಟದ ಕಣ್ಣಿಗೆ ನಾವು ಒಬ್ಬನೇ ನಾವಿಕ.

ಆಟದ ಹೆಸರು ‘ಎಲೀಟ್ ಡೇಂಜರಸ್’. ಇದರ ಮೂಲಪುರುಷ ‘ಎಲೀಟ್’ 1984ರಲ್ಲಿ ಬಂದದ್ದು. ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ತರುಣರು ಬಿಬಿಸಿ ಮೈಕ್ರೋ ಎಂಬ ಪುಟ್ಟ ಯಂತ್ರಕ್ಕಾಗಿ ಬರೆದ ಆಟ. ಅದರಲ್ಲಿ 256 ನಕ್ಷತ್ರಗಳ ಎಂಟು ಗ್ಯಾಲಕ್ಸಿಗಳಿದ್ದವು. 2014ರ ಡಿಸೆಂಬರಿನಲ್ಲಿ ಹೊರಬಂದ ಈಗಿನ ಆಟದಲ್ಲಿ ನಮ್ಮ ಆಕಾಶಗಂಗೆಯೇ ಇಡಿಯಾಗಿ ಇದೆ: ಸುಮಾರು 40,000 ಕೋಟಿ ನಕ್ಷತ್ರ ಮಂಡಲಗಳು. ಹತ್ತು ವರ್ಷ ಅಲ್ಲಿ ನಾವಿಕರು ವ್ಯಾಪಾರ ಮಾಡಿದರು, ಕಾದಾಡಿದರು, ಯಾರೂ ಕಾಣದ ಗ್ರಹಗಳನ್ನು ನೋಡಿ ಬಂದರು. ನೆಲೆಸುವ ಅವಕಾಶ ಮಾತ್ರ ಇರಲಿಲ್ಲ. 2025ರ ಫೆಬ್ರವರಿ 26ರಂದು ‘ಟ್ರೇಲ್‌ಬ್ಲೇಜರ್ಸ್’ ಎಂಬ ಪರಿಷ್ಕರಣೆಯೊಂದಿಗೆ ಅದೂ ಬಂತು. ಜನವಸತಿಯಿಲ್ಲದ ಮಂಡಲವೊಂದನ್ನು ಆಯ್ದು, ಅಲ್ಲಿ ಬಂದರು ಕಟ್ಟಿ, ಊರು ಮಾಡಬಹುದು.

ನಿಯಮಗಳು ಸರಳ. ಜನವಿರುವ ಮಂಡಲದ ನಿಲ್ದಾಣದಲ್ಲಿ 2 ಕೋಟಿ 50 ಲಕ್ಷ ಕ್ರೆಡಿಟ್ ತೆತ್ತು ಹಕ್ಕು ಸಾರಬೇಕು. ಹೊಸ ಮಂಡಲ ಹಳೆಯದರಿಂದ ಬಹು ದೂರ ಇರಕೂಡದು. ಮೊದಲಿಗೆ 10 ಜ್ಯೋತಿರ್ವರ್ಷಗಳ ಮಿತಿಯಿತ್ತು, ಆಮೇಲೆ ಅದನ್ನು ತುಸು ಹಿಗ್ಗಿಸಿದರು. 24 ಗಂಟೆಗಳೊಳಗೆ ಅಲ್ಲಿಗೆ ಹೋಗಿ ಗುರುತಿನ ದೀಪ ನೆಡಬೇಕು. ಆಮೇಲೆ ನಾಲ್ಕು ವಾರಗಳಲ್ಲಿ ಮೊದಲ ಬಂದರಿಗೆ ಬೇಕಾದ ಉಕ್ಕು, ಟೈಟಾನಿಯಮ್, ಅಲ್ಯುಮಿನಿಯಮ್, ದ್ರವ ಆಮ್ಲಜನಕ, ನೀರು, ಆಹಾರ ಎಲ್ಲವನ್ನೂ ಹೊತ್ತು ತಂದು ಸುರಿಯಬೇಕು. ಗಡುವು ಮೀರಿದರೆ ಹಕ್ಕು ಕೈಬಿಟ್ಟು ಹೋಗುತ್ತದೆ. ದೊಡ್ಡ ತಂಡಗಳು ಇದನ್ನು ಒಂದೆರಡು ದಿನಗಳಲ್ಲಿ ಮುಗಿಸುತ್ತವೆ. ನಮ್ಮಂತಹ ಒಂಟಿಗರು ಮೊದಲು ಕಾಗದ ಪೆನ್ಸಿಲು ಹಿಡಿಯಬೇಕಾಗುತ್ತದೆ.

ಮೊದಲ ಲೆಕ್ಕ ಸ್ಥಳದ್ದು. ಉಂಗುರ ತೊಟ್ಟ ಗ್ರಹ, ಜೋಡಿ ಸೂರ್ಯ ಮುಂತಾದ ಚೆಲುವಿಗೆ ಮನಸೋಲುವುದು ಸಹಜ. ಆದರೆ ಒಂಟಿಗ ಮೊದಲು ನೋಡಬೇಕಾದದ್ದು ಬಂದರಿನ ಜಾಗ ಮುಖ್ಯ ನಕ್ಷತ್ರದಿಂದ ಎಷ್ಟು ದೂರ ಎಂಬುದನ್ನು. ಹಡಗು ಮಂಡಲದಿಂದ ಮಂಡಲಕ್ಕೆ ಕ್ಷಣದಲ್ಲಿ ಜಿಗಿಯುತ್ತದೆ. ನಕ್ಷತ್ರದ ಬಳಿ ಇಳಿದ ಮೇಲೆ ಉಳಿದ ದಾರಿಯನ್ನು ಮಾತ್ರ ಸಾವಧಾನವಾಗಿ ಕ್ರಮಿಸಬೇಕು. ಒಂದು ಸುತ್ತಿಗೆ ಐದು ನಿಮಿಷ ಹೆಚ್ಚಾದರೂ ಎಪ್ಪತ್ತು ಸುತ್ತಿಗೆ ಸುಮಾರು ಆರು ಗಂಟೆ. ಹಾಗೆಯೇ ಉಕ್ಕು ಮಾರುವ ನಿಲ್ದಾಣ ಒಂದೆರಡು ಜಿಗಿತದೊಳಗೆ ಇರಬೇಕು.

ಎರಡನೆಯ ಲೆಕ್ಕ ಗಾತ್ರದ್ದು. ಅತಿ ಚಿಕ್ಕ ಹೊರಠಾಣೆಗೆ ಸುಮಾರು 20,000 ಟನ್ ಸಾಮಗ್ರಿ ಸಾಕು. ‘ಕೊರಿಯೋಲಿಸ್’ ಎಂಬ ಮಧ್ಯಮ ನಿಲ್ದಾಣಕ್ಕೆ ಸುಮಾರು 55,000 ಟನ್. ‘ಆರ್ಬಿಸ್’ ಎಂಬ ಮಹಾನಿಲ್ದಾಣಕ್ಕೆ 2 ಲಕ್ಷ ಟನ್‌ಗೂ ಮಿಗಿಲು. ನಮ್ಮದು ‘ಟೈಪ್-9’ ಎಂಬ ಸರಕು ಹಡಗು. ನಾವು ಸಜ್ಜುಗೊಳಿಸಿದಂತೆ ಅದು 750 ಟನ್ ಹೊರುತ್ತದೆ. ಒಂದು ಸುತ್ತಿಗೆ 25 ನಿಮಿಷ ಹಿಡಿದರೆ ಹೊರಠಾಣೆಗೆ 27 ಸುತ್ತು, 11 ಗಂಟೆ. ಕೊರಿಯೋಲಿಸ್‌ಗೆ 74 ಸುತ್ತು, 31 ಗಂಟೆ. ಆರ್ಬಿಸ್‌ಗೆ ಸುಮಾರು 270 ಸುತ್ತು, 110 ಗಂಟೆಗೂ ಹೆಚ್ಚು, ಅಂದರೆ 28 ದಿನವೂ ತಪ್ಪದೆ ನಾಲ್ಕು ಗಂಟೆ. ದುಡಿಯುವವರಿಗೆ ಅದು ಆಗದ ಮಾತು. ಹೊರಠಾಣೆ ಸುಲಭ, ಆದರೆ ಅಲ್ಲಿ ದೊಡ್ಡ ಹಡಗುಗಳು ಇಳಿಯಲಾರವು. ನಾವು ಕಟ್ಟಿದ ಬಂದರಿಗೆ ನಮ್ಮ ಹಡಗಿಗೇ ಪ್ರವೇಶವಿಲ್ಲದಂತಾಗುತ್ತದೆ. ಇಬ್ಬರೂ ಸೇರಿ ದಿನಕ್ಕೆ ಒಂದೂವರೆ ಗಂಟೆ ಕೊಡಬಲ್ಲೆವು, ಒಟ್ಟು 42 ಗಂಟೆ. ಕೊರಿಯೋಲಿಸ್ ಕಟ್ಟಿಯೂ 11 ಗಂಟೆ ಉಳಿಯುತ್ತದೆ. ಆ ಉಳಿಕೆಯನ್ನು ನೋಡಿಯೇ ಕೊರಿಯೋಲಿಸ್ ಎಂದು ನಿಶ್ಚಯಿಸಿದೆವು.

ಮೂರನೆಯದು ಕ್ರಮದ ಲೆಕ್ಕ. ಪಟ್ಟಿಯಲ್ಲಿ ಉಕ್ಕೇ ರಾಶಿ. ವೈದ್ಯಕೀಯ ಉಪಕರಣ, ವಿದ್ಯುತ್ ಜನಕ, ಅರೆವಾಹಕ ಮುಂತಾದವು ಅಲ್ಪ. ಅಲ್ಪವಾದವುಗಳನ್ನೇ ಮೊದಲು ತಂದು ಮುಗಿಸುವುದು ಲೇಸು, ಏಕೆಂದರೆ ಅವು ಬೇರೆ ಬೇರೆ ಊರುಗಳಲ್ಲಿ ಚದುರಿರುತ್ತವೆ. ಉಕ್ಕನ್ನು ಕೊನೆಗೆ ಕಣ್ಣು ಮುಚ್ಚಿಕೊಂಡು ಹೊರಬಹುದು. ಅಪರೂಪದ ‘ಸಿಎಂಎಂ ಕಾಂಪೋಸಿಟ್’ ಎಲ್ಲಿ ಕಂಡರೂ ಹಡಗು ತುಂಬಿಕೊಳ್ಳಬೇಕು.

ಈ ಮೂರು ಲೆಕ್ಕಗಳನ್ನು ಬರೆಯುತ್ತಿದ್ದಾಗ ಇವನ್ನು ಎಲ್ಲೋ ಕೇಳಿದ್ದೇವೆ ಎನಿಸಿತು. ತೀರಿಕೊಂಡು ಕೆಲವು ವರ್ಷಗಳಾದ ನಮ್ಮ ತಂದೆ ಕುಂದಾಪುರದ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ಅಂತಹವರ ಕಥೆ ಈ ಬಳಗದ ಓದುಗರಿಗೆ ಹೊಸದಲ್ಲ. 1980ರ ದಶಕದ ಕೊನೆಗೆ ಅವರು ಕೋಪರಖೈರಣೆಯ ಸಾಲುಮನೆಯೊಂದನ್ನು ಕೊಂಡರು. ವಾಶಿಯಲ್ಲಿ ಇನ್ನೂ ದೊಡ್ಡ ಮನೆಗೆ ಕಂತು ಕಟ್ಟಲು ಸಾಲ ಸಿಗುತ್ತಿತ್ತಂತೆ. ಅವರು ಒಂದು ಕೋಣೆ, ಒಂದು ಅಡುಗೆಯ ಮೂಲೆ, ಮುಂದೆ ನಾಲ್ಕು ಗಿಡಗಳಿಗಾಗುವಷ್ಟು ಅಂಗಳ ಸಾಕೆಂದರು. ಹೊರುವಷ್ಟೇ ತುಂಬಬೇಕು, ಒಂದು ಮಳೆಗಾಲದ ಖರ್ಚು ಕೈಯಲ್ಲಿ ಉಳಿದಿರಬೇಕು ಎಂಬುದು ಅವರ ಮಾತು. ಮೇಲಿನ ಕೋಣೆ ಬಂದದ್ದು ಹತ್ತು ವರ್ಷಗಳ ಮೇಲೆ.

ಅವರು ಬಂದ ನಗರವೂ ಹೀಗೆ ಕಾಗದದ ಮೇಲೆ ಹುಟ್ಟಿದ್ದು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ‘ಮಾರ್ಗ್’ ಪತ್ರಿಕೆಯಲ್ಲಿ ಖಾರಿಯ ಆಚೆ ಹೊಸ ಮುಂಬಯಿಯ ಯೋಜನೆಯನ್ನು ಮುಂದಿಟ್ಟರು. 1970ರ ಮಾರ್ಚಿನಲ್ಲಿ ಸಿಡ್ಕೊ ಸ್ಥಾಪನೆಯಾಯಿತು. 1973ರಲ್ಲಿ ಠಾಣೆ ಖಾರಿಗೆ ಸೇತುವೆ ಬಂತು. ಆದರೂ ಬಹುಕಾಲ ನಗರ ತುಂಬಲಿಲ್ಲ. ಸರಕಾರದ ಕಚೇರಿಗಳು ಇತ್ತ ಬರುವುವೆಂಬ ನಿರೀಕ್ಷೆಯಿತ್ತು. ಅವು ದಕ್ಷಿಣ ಮುಂಬಯಿಯಲ್ಲೇ ಉಳಿದವು. ಸಗಟು ಮಾರುಕಟ್ಟೆಗಳು ಬಂದವು, 1992ರಲ್ಲಿ ವಾಶಿಗೆ ರೈಲು ಬಂತು, ಆಮೇಲೆ ಜನ ಬಂದರು. ಕೋಪರಖೈರಣೆಗೆ ಲೋಕಲ್ ಗಾಡಿ ಬಂದದ್ದು ಠಾಣೆ–ವಾಶಿ ಮಾರ್ಗ ತೆರೆದ 2004ರಲ್ಲಿ. ಬಂದರು ಕಟ್ಟಿದರೆ ಊರಾಗುವುದಿಲ್ಲ, ಸರಕಿನ ದಾರಿ ಹತ್ತಿರವಾದರೆ ಊರಾಗುತ್ತದೆ ಎಂಬ ನಮ್ಮ ಮೊದಲ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ನಮ್ಮವರ ಪಾಲಿಗೂ ಹಾಗೆಯೇ: 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಕುಚ್ಚಲಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿ ಜಾಡಿಗಳು ಪನವೇಲಿನಲ್ಲಿ ಇಳಿಯತೊಡಗಿದವು, ಇಲ್ಲಿನ ಮನೆ ಊರಿನ ಮನೆಗೆ ಒಂದು ರಾತ್ರಿಯಷ್ಟು ಹತ್ತಿರವಾಯಿತು.

ಆಟಕ್ಕೂ ನಗರಕ್ಕೂ ಒಂದು ದೊಡ್ಡ ಭೇದವಿದೆ. ಆಟದಲ್ಲಿ ಹಕ್ಕು ಸಾರಬಹುದಾದ ಮಂಡಲ ನಿಜವಾಗಿಯೂ ಬರಿದು. ಅಲ್ಲಿ ಗದ್ದೆಯಿಲ್ಲ, ಉಪ್ಪಿನಾಗರವಿಲ್ಲ, ದೇವರಿಲ್ಲ, ಸ್ಮಶಾನವಿಲ್ಲ. ನವಿಮುಂಬಯಿಗೆಂದು ಗುರುತಿಸಿದ 344 ಚದರ ಕಿಲೋಮೀಟರು ಬರಿದಾಗಿರಲಿಲ್ಲ. ಅಲ್ಲಿ ಆಗ್ರಿಗಳು, ಕೋಳಿಗಳು ಬಾಳುತ್ತಿದ್ದ 95 ಹಳ್ಳಿಗಳಿದ್ದವು. ‘ಎಲೀಟ್’ ಹೊರಬಂದ ಅದೇ 1984ರ ಜನವರಿಯಲ್ಲಿ, ಭೂಮಿಗೆ ನ್ಯಾಯವಾದ ಬೆಲೆ ಕೇಳಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಹೋರಾಟದಲ್ಲಿ, ಉರಣ ತಾಲೂಕಿನ ಜಾಸಯಿ ಪರಿಸರದಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ವಶಪಡಿಸಿಕೊಂಡ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿ ಕೊಡುವ ಯೋಜನೆಯ ಹಿಂದೆ ಆ ಹೋರಾಟವಿದೆ. ನಮ್ಮ ತಂದೆ ಕೊಂಡ ಅಂಗಳವೂ ಒಂದಾನೊಂದು ಕಾಲದಲ್ಲಿ ಯಾರದೋ ನೆಲವಾಗಿದ್ದಿರಬೇಕು. ವಸಾಹತ್ ಮತ್ತು ವಸಾಹತು ಒಂದೇ ಪದವೆಂಬುದು ನೆನಪಾಗುವುದು ಇಂತಹ ಕಡೆಗಳಲ್ಲಿ.

ಇನ್ನೊಂದು ವಿಷಯದಲ್ಲಿ ಮಾತ್ರ ಆಟ ನಿಜಕ್ಕೆ ಹತ್ತಿರ. ಮಂಡಲವನ್ನು ಕಟ್ಟಿದವನಿಗೆ ಅಲ್ಲಿ ‘ಆರ್ಕಿಟೆಕ್ಟ್’ ಎಂಬ ಬಿರುದು ಸಿಗುತ್ತದೆ, ವಾರವಾರಕ್ಕೆ ಸಣ್ಣದೊಂದು ಆದಾಯವೂ ಬರುತ್ತದೆ, ಒಡೆತನ ಸಿಗುವುದಿಲ್ಲ. ಆಡಳಿತ ನಡೆಸುವುದು ಬೇರೆ ಬಣಗಳು. ಸಿಡ್ಕೊ ಮನೆಗಳವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ: ಇಲ್ಲಿನ ನೆಲವೂ ನಮಗೆ ಬಂದದ್ದು 60 ವರ್ಷಗಳ ಗೇಣಿಯ ಮೇಲೆ.

ನಮ್ಮ ಕೊರಿಯೋಲಿಸ್‌ನ ಕಥೆಗೆ ಬರೋಣ. 2025ರ ಮಳೆಗಾಲದಲ್ಲಿ ದೀಪ ನೆಟ್ಟೆವು. ಹದಿನೈದು ದಿನಗಳಲ್ಲಿ 48 ಸುತ್ತು ಮುಗಿಸಿ 36,000 ಟನ್ ಇಳಿಸಿದೆವು, ಉಳಿದದ್ದು 19,000. ಹದಿನಾರನೆಯ ದಿನ ಊರಿನಿಂದ ಕರೆ ಬಂತು: ತಾಯಿ ಅಂಗಳದ ಪಾಚಿಯಲ್ಲಿ ಜಾರಿಬಿದ್ದಿದ್ದರು. ಅಂದೇ ಇಬ್ಬರೂ ಹೊರಟೆವು. ಒಂಬತ್ತು ದಿನ ಆಸ್ಪತ್ರೆ, ಮನೆ, ಮದ್ದು. ಮಣಿಕಟ್ಟು ಮುರಿದಿತ್ತು, ಮಿಕ್ಕಂತೆ ಚೇತರಿಸಿಕೊಂಡರು. ಇನ್ನು ಅವರೊಬ್ಬರನ್ನೇ ಬಿಡಲಾಗದೆಂದು ಕೋಪರಖೈರಣೆಗೆ ಕರೆತಂದೆವು. ಆಟವನ್ನು ಆ ದಿನಗಳಲ್ಲಿ ಒಮ್ಮೆಯೂ ನೆನೆಯಲಿಲ್ಲವೆಂದರೆ ಸುಳ್ಳಾದೀತು. ಇನ್ನುಳಿದದ್ದು ನಾಲ್ಕೇ ದಿನ, 26 ಸುತ್ತು. ಪಾಳಿಯ ಕೆಲಸದವರಿಗೆ ನಿದ್ದೆಗೆಟ್ಟರೂ ಕಷ್ಟ. ಹೋದರೆ ಹೋಗಲಿ ಎಂದೇ ಯಂತ್ರ ತೆರೆದೆವು.

ಪರದೆಯಲ್ಲಿ ಉಳಿಕೆ 6,700 ಟನ್ ಎಂದಿತ್ತು.

ಇದಕ್ಕೆ ವಿವರಣೆಯುಂಟು. ಈ ಆಟದಲ್ಲಿ ‘ಸೋಲೋ’ ಎಂಬ ಒಂಟಿ ವಿಧಾನವನ್ನು ಆಯ್ದುಕೊಂಡವರಿಗೆ ಬೇರೆ ನಾವಿಕರು ಕಾಣಿಸುವುದಿಲ್ಲ, ಅಷ್ಟೆ. ಆಕಾಶ ಎಲ್ಲರಿಗೂ ಒಂದೇ. ನಿನ್ನೆ ಇದ್ದ ಉಕ್ಕು ಇಂದು ಖಾಲಿಯಾಗಿದ್ದರೆ ಕಾಣದ ಯಾರೋ ಕೊಂಡಿದ್ದಾರೆಂದು ಅರ್ಥ. ಹಾಗೆಯೇ ಯಾರು ಬೇಕಾದರೂ ಯಾರ ಕಟ್ಟಡಕ್ಕಾದರೂ ಸರಕು ಇಳಿಸಬಹುದು. ದಾರಿಯಲ್ಲಿ ಹೋಗುತ್ತಿದ್ದ ಯಾರೋ, ಒಬ್ಬರೋ ಹಲವರೋ, ಅರ್ಧಕ್ಕೆ ನಿಂತ ನಮ್ಮ ಕಟ್ಟಡವನ್ನು ಕಂಡು 12,000 ಟನ್‌ಗೂ ಹೆಚ್ಚು ಉಕ್ಕು ಇಳಿಸಿ ಹೋಗಿದ್ದರು. ಇಳಿಸಿದವರಿಗೆ ಒಂದಿಷ್ಟು ಹಣ ಸಿಗುತ್ತದೆ, ನಿಜ. ಆದರೆ ಹಣಕ್ಕೆ ಅಲ್ಲಿ ಇದಕ್ಕಿಂತ ಸುಲಭದ ದಾರಿಗಳು ನೂರಿವೆ. ಹೆಸರು ಹೇಳಿ ಹೋಗಿರಲಿಲ್ಲ. ಒಂಬತ್ತು ಸುತ್ತುಗಳಲ್ಲಿ ನಾವು ಕೆಲಸ ಮುಗಿಸಿದೆವು, ಗಡುವಿಗೆ ಒಂದು ದಿನ ಮೊದಲು.

ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತಿದ್ದ ತಾಯಿ, ಇದೇನು ಲೆಕ್ಕ ಎಂದು ಕೇಳಿದರು. ಬಿಡಿಸಿ ಹೇಳಿದೆವು. ತಂದುಹಾಕಿದವರು ಯಾರು ಎಂದರು. ತಿಳಿಯದು ಎಂದೆವು. ಅವರಿಗೆ ಅದು ಆಶ್ಚರ್ಯವೆನಿಸಲಿಲ್ಲ. ತಾವು ಇಲ್ಲಿಗೆ ಬಂದ ಮೊದಲ ವರ್ಷದ ಮಾತು ತೆಗೆದರು: ಮರಾಠಿಯ ಒಂದಕ್ಷರ ಬಾರದ ದಿನಗಳಲ್ಲಿ ಹಳೆಯ ಗಾವಿನಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಆಗ್ರಿ ಹೆಂಗಸು ಹಿಟ್ಟಿನ ಗಿರಣಿ ತೋರಿಸಿದ್ದು, ಖಾರಿಯ ಮೀನುಗಳ ಹೆಸರು ಕಲಿಸಿದ್ದು, ನಮ್ಮಲ್ಲಿ ಹಿರಿಯವನಿಗೆ ಜ್ವರ ಬಂದ ರಾತ್ರಿ ಡಾಕ್ಟರರ ಮನೆಯವರೆಗೆ ಜೊತೆಗೆ ನಡೆದದ್ದು. ಅವರ ಹೆಸರು ಏನೆಂದು ಕೇಳಿದೆವು. ‘ಮಾವಶಿ’ ಎಂದಷ್ಟೇ ಕರೆಯುತ್ತಿದ್ದೆ, ಹೆಸರು ಕೇಳಿರಲೇ ಇಲ್ಲ ಎಂದರು. ನಮ್ಮ ಸೆಕ್ಟರು ಆಕೆಯ ಮನೆಯವರ ಗದ್ದೆಯ ಮೇಲೆಯೇ ಎದ್ದಿತ್ತೋ ಏನೋ. ಆಕೆ ಅದನ್ನು ಎಂದೂ ಆಡಿ ತೋರಿಸಲಿಲ್ಲವಂತೆ.

ತಂದೆಯವರು ಒಂಟಿಯಾಗಿ ಬಂದು ಮನೆ ಕಟ್ಟಿದರು ಎಂದು ನಾವು ಹೇಳಿಕೊಂಡು ಬೆಳೆದವರು. ಹೊರನಾಡಿನ ಕನ್ನಡ ಮನೆಗಳಲ್ಲೆಲ್ಲ ಇಂತಹ ಒಂದು ಕಥೆಯಿದೆ, ಅದು ಸುಳ್ಳೂ ಅಲ್ಲ. ಆದರೆ ಒಂಟಿಯಾಗಿ ಕಟ್ಟುವವರ ಲೆಕ್ಕದಲ್ಲಿ ಯಾವಾಗಲೂ ಒಂದು ಮೊತ್ತ ಹೊಂದುವುದಿಲ್ಲ. ತಾವು ಹೊತ್ತದ್ದನ್ನೆಲ್ಲ ಕೂಡಿಸಿದರೂ ಕಟ್ಟಿದ್ದಕ್ಕೆ ಸಮನಾಗುವುದಿಲ್ಲ. ಆ ವ್ಯತ್ಯಾಸವನ್ನು ಯಾರ ಖಾತೆಗೆ ಬರೆಯಬೇಕೆಂದು ತಿಳಿಯದಿದ್ದರೂ ಅದಕ್ಕೆಂದು ಒಂದು ಸಾಲು ಬಿಟ್ಟಿರಬೇಕು.

ಮೊದಲ ಬಂದರು ಮುಗಿದ ಮೇಲೆ ಮುಂದಿನ ಕಟ್ಟಡಗಳಿಗೆ ಗಡುವಿಲ್ಲ. ನಾವೀಗ ಅಲ್ಲಿ ಒಂದು ಅದಿರು ಶುದ್ಧೀಕರಣದ ನೆಲೆಯನ್ನು ನಿಧಾನವಾಗಿ ಕಟ್ಟುತ್ತಿದ್ದೇವೆ; ಮುಂದೆ ಬೇಕಾಗುವ ಉಕ್ಕು ಅಲ್ಲೇ ದೊರೆಯಲೆಂದು. ಎರಡು ಜಿಗಿತದಾಚೆ ಇನ್ಯಾರದೋ ಹೊರಠಾಣೆ ಕೆಲವು ದಿನಗಳಿಂದ ಅರ್ಧಕ್ಕೆ ನಿಂತಿದೆ. ಪಾಳಿ ಮುಗಿಸಿ ಬಂದವರು ಮೊದಲ ಸುತ್ತಿನ ಉಕ್ಕನ್ನು ಅಲ್ಲಿ ಇಳಿಸಿ, ಆಮೇಲೆ ನಮ್ಮ ಕೆಲಸಕ್ಕೆ ತಿರುಗುವುದೆಂದು ಮಾತಾಗಿದೆ.