ಒಂಬತ್ತು ಗಂಟೆಗೆ ಕಟ್ ಆಗುತ್ತಿದ್ದ ಅಮ್ಮನ ಫೋನು

"ನೀನೇ ಕಟ್ ಮಾಡ್ತೀಯೇನೋ ಅಂದ್ಕೊಂಡಿದ್ದೆ" ಅಂದಳು ಅಮ್ಮ. ಕಳೆದ ತಿಂಗಳು ಊರಿಗೆ ಹೋಗಿದ್ದಾಗ, ದೋಸೆ ಹುಯ್ಯುತ್ತಾ, ನನ್ನ ಮುಖ ನೋಡದೆ. ಬಾಯಲ್ಲಿದ್ದ ದೋಸೆ ಅಲ್ಲೇ ನಿಂತಿತು.

ಅಪ್ಪ ಹೋದ ಮೇಲೆ ಸಾಗರದ ಮನೆಯಲ್ಲಿ ಅಮ್ಮ ಒಬ್ಬಳೇ. ಪೂಜೆ, ತಿಂಡಿ ಎಲ್ಲಾ ಮುಗಿಸಿ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ವೀಡಿಯೋ ಕಾಲ್ ಮಾಡುತ್ತಾಳೆ. ಒಂಬತ್ತೂವರೆಗೆ ನನಗೆ ಆಫೀಸಿನ ಮೀಟಿಂಗು. ನಡುವಿನ ಅರ್ಧ ಗಂಟೆ ಅವಳದು. ಎರಡು ತಿಂಗಳಿಂದ ಆ ಅರ್ಧ ಗಂಟೆಯಲ್ಲೇ ನನ್ನ ಬೆಂಗಳೂರಿನ ಮನೆಯ ನೆಟ್ಟು ಕೈಕೊಡುತ್ತಿತ್ತು. ದಿನಾ ಕೊಟ್ಟಿದ್ದರೆ ಬೇರೆ ಮಾತು. ಎರಡು ದಿನ ಸರಿ ಇರುತ್ತೆ, ಮೂರನೇ ದಿನ ಅಮ್ಮನ ಮುಖ ಹಾಗೇ ಕಲ್ಲಾಗಿ, ಚಕ್ರ ತಿರುಗಿ ತಿರುಗಿ, ಕಟ್. ಎರಡು ನಿಮಿಷಕ್ಕೆ ತಾನೇ ಸರಿಹೋಗುತ್ತೆ, ಮತ್ತೆ ಹೋಗುತ್ತೆ. ಪೂರ್ತಿ ಸತ್ತ ಇಂಟರ್ನೆಟ್ಟನ್ನು ರಿಪೇರಿ ಮಾಡಬಹುದು ಮಾರಾಯ್ರೇ, ಹೀಗೆ ಆಗಾಗ ಮೂರ್ಛೆ ಹೋಗೋದನ್ನ ಹಿಡಿಯೋದು ಹೇಗೆ?

ನನಗಂತೂ ಅಪರಾಧಿ ಯಾರು ಅಂತ ಮೊದಲ ದಿನವೇ ಗೊತ್ತಿತ್ತು. ಇಂಟರ್ನೆಟ್ ಕಂಪನಿ, ಇನ್ಯಾರು! ಅವರ ಹುಡುಗ ಮೂರು ಸಲ ಬಂದ, ಒಮ್ಮೆ ಮಳೆಯಲ್ಲಿ ನೆನೆದುಕೊಂಡು. ಮೀಟರ್ ಹಚ್ಚಿ "ಮೈನಸ್ 19 ಇದೆ ಸಾರ್, ಚೆನ್ನಾಗಿದೆ" ಅಂದ. ಫೈಬರಿನಲ್ಲಿ ಬರುವ ಬೆಳಕಿನ ಬಲ ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಚಿಂತೆ, ಅದು ನನಗೂ ಗೊತ್ತಿತ್ತು. ಆದರೂ ಬಿಡಲಿಲ್ಲ. ಅವನು ಟೇಬಲ್ ಕೆಳಗೆ ನೋಡಿ "ಈ ಕರೀ ಡಬ್ಬ ಏನು ಸಾರ್? ಇದನ್ನ ಬಿಟ್ಟು ನೇರ ಹಾಕಿ ಒಂದೆರಡು ದಿನ ನೋಡಿ" ಅಂದಾಗ ನನಗೆ ಸಿಟ್ಟೇ ಬಂತು. ಅದು ನನ್ನ ಫೈರ್‌ವಾಲ್ ಸ್ವಾಮಿ! ಹಳೇ ಡೆಸ್ಕ್‌ಟಾಪಿಗೆ ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಪಿಎಫ್‌ಸೆನ್ಸ್ ಹಾಕಿ ನಾನೇ ಕಟ್ಟಿದ್ದು. ಅದು ಫ್ರೀಬಿಎಸ್‌ಡಿ ಮೇಲೆ ಓಡುತ್ತೆ, 2004ರಲ್ಲಿ ಮೋನೋವಾಲಿನಿಂದ ಕವಲೊಡೆದದ್ದು ಅಂತ ಅವನಿಗೆ ಐದು ನಿಮಿಷ ಭಾಷಣ ಕೊಟ್ಟೆ. ಪಾಪ, ಹೆಲ್ಮೆಟ್ ಹಿಡಿದುಕೊಂಡು ಕೇಳಿದ.

ಊರಿಂದ ವಾಪಸ್ ಬಂದ ವಾರ, ಒಂದು ಬೆಳಿಗ್ಗೆ ಕಾಫಿ ಹಿಡಿದು ಲಾಗ್ ಮುಂದೆ ಕೂತೆ. ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ಕಂಪನಿ ಕಡೆಯ ಕನೆಕ್ಷನ್ ಲಾಗ್ ಮಾತ್ರ. ಅದು ಒಮ್ಮೆಯೂ ಕಡಿದಿರಲಿಲ್ಲ, ಅದನ್ನೇ ಯೋಚಿಸಬೇಕಿತ್ತು. ಈ ಸಲ ಗೇಟ್‌ವೇ ಲಾಗ್ ತೆರೆದೆ. 9:01ಕ್ಕೆ ಒಂದು ಅಲಾರ್ಮ್!

ಪಿಎಫ್‌ಸೆನ್ಸ್ ಒಳಗೆ ಡಿಪಿಂಗರ್ ಅಂತ ಒಂದು ಸಣ್ಣ ಕಾವಲುಗಾರ ಇದ್ದಾನೆ. ಅರ್ಧ ಸೆಕೆಂಡಿಗೊಮ್ಮೆ ಗೇಟ್‌ವೇಗೆ ಪಿಂಗ್ ಕಳಿಸಿ, ಹಿಂದಿನ 60 ಸೆಕೆಂಡಿನ ಸರಾಸರಿ ತೆಗೆಯುತ್ತಾನೆ. ನಾವು ಬದಲಾಯಿಸದಿದ್ದರೆ, ಉತ್ತರ ಬರಲು 500 ಮಿಲಿಸೆಕೆಂಡು ದಾಟಿದರೆ ಅಥವಾ ನೂರರಲ್ಲಿ 20 ಪಿಂಗ್ ಕಳೆದುಹೋದರೆ "ಲೈನ್ ಸತ್ತಿದೆ" ಅಂತ ಸಾರುತ್ತಾನೆ. ಲೈನು ಸತ್ತರೆ ಎಲ್ಲಾ ಸ್ಟೇಟುಗಳನ್ನೂ, ಅಂದರೆ ನಡೆಯುತ್ತಿರುವ ಎಲ್ಲ ಸಂಪರ್ಕಗಳ ನೆನಪನ್ನೂ, ಅಳಿಸಿಹಾಕು ಅನ್ನೋ ಆಯ್ಕೆ ಒಂದಿದೆ. ಎಂದೋ ಯಾವುದೋ ಲೇಖನ ಓದಿ ಅದಕ್ಕೆ ಟಿಕ್ ಹಾಕಿದವನು ನಾನೇ. ಕಟ್ ಮಾಡುತ್ತಿದ್ದದ್ದು ನೀನೇ ಅಂತ ಅಮ್ಮ ಹೇಳಿದ್ದು ಸುಳ್ಳೇನಲ್ಲ!

ಆದರೆ ಪಿಂಗ್ ತಡ ಆಗ್ತಿದ್ದದ್ದು ಯಾಕೆ? ಮನೆಯಿಂದ ಏನೋ ರಾಶಿ ರಾಶಿ ಅಪ್‌ಲೋಡ್ ಆಗ್ತಿತ್ತು. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡ ಬೈಕಿನ ಹಾಗೆ ಪಿಂಗ್ ಆ ಸಾಲಿನ ಕೊನೆಯಲ್ಲಿ ನಿಂತಿತ್ತು. ಕಾವಲುಗಾರ ಅಲಾರ್ಮ್ ಹೊಡೆದ, ಸಂಪರ್ಕಗಳೆಲ್ಲ ಕಡಿದವು, ಜೊತೆಗೆ ಆ ಅಪ್‌ಲೋಡೂ ಕಡಿಯಿತು. ಸಾಲು ಖಾಲಿ, ಪಿಂಗ್ ಸರಿ, ಲೈನ್ ಮತ್ತೆ ಜೀವಂತ. ಅಪ್‌ಲೋಡ್ ಮತ್ತೆ ಶುರು... ಅದಕ್ಕೇ ಎರಡು ನಿಮಿಷಕ್ಕೆ ತಾನೇ ವಾಸಿಯಾಗಿ ಮತ್ತೆ ಬೀಳುತ್ತಿತ್ತು.

ಅಪ್‌ಲೋಡ್ ಮಾಡುತ್ತಿದ್ದದ್ದು ಮೂಲೆಯ ಹಳೇ ಲ್ಯಾಪ್‌ಟಾಪು. ಅಪ್ಪನ ಆಲ್ಬಮ್ಮುಗಳನ್ನು ರಾತ್ರಿ ಪುರುಸೊತ್ತಾದಾಗ ಸ್ಕ್ಯಾನ್ ಮಾಡಿ ಅದರಲ್ಲಿ ಇಡುತ್ತಿದ್ದೆ. ಬೆಳಗಿನ ಜಾವ 3:30ಕ್ಕೆ, ಎಲ್ಲರೂ ಮಲಗಿರುವಾಗ, ಅವು ಬ್ಯಾಕಪ್‌ಗೆ ಹೋಗಲಿ ಅಂತ ಕ್ರಾನ್ ಬರೆದಿದ್ದೆ. ಆದರೆ ಉಬುಂಟು ಸರ್ವರ್ ಹಾಕುವಾಗ ಗಡಿಯಾರವನ್ನು ಯುಟಿಸಿಯಲ್ಲೇ ಬಿಟ್ಟಿದ್ದೆ. ಐದೂವರೆ ಗಂಟೆ ಕೂಡಿಸಿ ನೋಡಿ :-) ಸ್ಕ್ಯಾನ್ ಮಾಡದ ರಾತ್ರಿಯ ಮರುದಿನ ಕಳಿಸೋದಕ್ಕೆ ಏನೂ ಇಲ್ಲ, ಅಮ್ಮನ ಫೋನು ಸರಾಗ.

ಗಡಿಯಾರ ಸರಿಮಾಡಿದೆ, ಟಿಕ್ ತೆಗೆದೆ. ಜೊತೆಗೆ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ ಎಫ್‌ಕ್ಯೂ-ಕೋಡೆಲ್ ಹಚ್ಚಿದೆ. ಕೋಡೆಲ್ ಅನ್ನೋದು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಉಪಾಯ. ಸಾಲು ಎಷ್ಟು ಉದ್ದ ಅಂತ ನೋಡೋದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುತ್ತೆ. ಕಾಯುವ ಸಮಯ ಐದು ಮಿಲಿಸೆಕೆಂಡಿಗಿಂತ ಇಳಿಯದೇ ಹೋದರೆ ಪ್ಯಾಕೆಟ್ಟುಗಳನ್ನು ಬಿಸಾಡಲು ಶುರುಮಾಡುತ್ತೆ, ಕಳಿಸುವವನು ತಾನಾಗಿ ನಿಧಾನ ಆಗುತ್ತಾನೆ. ಈಗ ಬೇಕೆಂದೇ ಒಂಬತ್ತಕ್ಕೆ ಅಪ್‌ಲೋಡ್ ಓಡಿಸಿ ನೋಡಿದರೂ ಅಮ್ಮ ಅಲುಗಾಡೋದಿಲ್ಲ.

ಆ ಹುಡುಗನಿಗೆ ಫೋನ್ ಮಾಡಿ, ತಪ್ಪು ನನ್ನದೇ ಆಗಿತ್ತು, ಸುಮ್ಮನೆ ಓಡಾಡಿಸಿದೆ, ಬೇಜಾರು ಮಾಡ್ಕೋಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಆ ಕರೀ ಡಬ್ಬಾನೇ ಅಲ್ವಾ ಸಾರ್?" ಅಂದ.